ಆರು ಫ್ರೇಮಿನ ರಿಯಾಯಿತಿ

ಮೂವತ್ತಮೂರರ ಹೆಂಗಸು ‘ನಿವೃತ್ತಿ’ ಎಂಬ ಪದ ಬಳಸಿದರೆ ಆಕ್ಷೇಪ ಬರುತ್ತದೆಂದು ಗೊತ್ತಿದೆ. ಆಕ್ಷೇಪವನ್ನು ನಾನೇ ಮೊದಲು ಎತ್ತಿ, ನಾನೇ ಉತ್ತರಿಸಿಬಿಡುವುದು ಹಳೆಯ ಚಾಳಿ. ಕಾರ್ಕಳದ ಕಾಲೇಜಿನಲ್ಲಿದ್ದಾಗ ಚರ್ಚಾ ಸ್ಪರ್ಧೆಗಳಲ್ಲಿ ಕಲಿತದ್ದು. ಬ್ಯಾಂಕಿನವರು ಅರುವತ್ತು ತುಂಬಿದಾಗ ನಿವೃತ್ತರಾಗುತ್ತಾರೆ, ಓಟಗಾರರು ಮಂಡಿ ಕೈಕೊಟ್ಟಾಗ. ನನಗೆ ಕೈಕೊಟ್ಟದ್ದು ಬಲಗೈಯ ಹೆಬ್ಬೆರಳು. ಹತ್ತು ವರ್ಷ ಒಂದೇ ಗುಂಡಿಯನ್ನು ಒತ್ತಿ ಒತ್ತಿ ಅದರ ಬುಡದ ನರ ಊದಿಕೊಂಡಿದೆ. ಮಣಿಪಾಲದ ಡಾಕ್ಟರು ಬೆರಳನ್ನು ಮಡಚಿ ನೋಡಿ, “ಈ ಕೆಲಸ ಬಿಡಿ” ಎಂದರು. “ಯಾವ ಕೆಲಸ ಅಂತ ಕೇಳಲೇ ಇಲ್ಲವಲ್ಲ” ಎಂದೆ. “ಯಾವುದಾದರೂ ಸರಿ, ಬಿಡಿ” ಎಂದರು. ಅಲ್ಲಿಗೆ ಆ ವಾದ ಮುಗಿಯಿತು.

ಪರ್ಕಳದಲ್ಲಿ ರೂಮು ಹಿಡಿದು, ಬೆಳಿಗ್ಗೆ ಬಸ್ಸು ಹತ್ತಿ, ವಿಡಿಯೋ ಗೇಮ್ ಮಾಡುವ ಆಫೀಸುಗಳಿಗೆ ಹೊಸದಾಗಿ ಸೇರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹುರುಪು ತುಂಬುವ ಮಾತು ನನ್ನ ಹತ್ತಿರ ಇಲ್ಲ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಲೀಡ್ ಆದೆ ಎಂಬುದೂ ಇಲ್ಲಿ ಬರುವುದಿಲ್ಲ. ಅವು ಕುರ್ಚಿಯ ಗಾತ್ರದ ವಿಷಯಗಳು. ಒಂದು ಆಟ ಇತ್ತು. ನಮ್ಮದೇ ಆಟ. ಅದು ಬದುಕಬೇಕಿತ್ತು, ಬದುಕಲಿಲ್ಲ. ಅದಕ್ಕೆ ಕಾರಣ ನಾನು. ಇಷ್ಟನ್ನು ಮೊದಲೇ ಹೇಳಿ ಶುರುಮಾಡುತ್ತೇನೆ.

ಜನ ತಿಳಿದಂತೆ ನಮ್ಮ ಕೆಲಸ ಆಟ ಆಡುವುದಲ್ಲ. ಮೊದಲ ವರ್ಷ ನಾನು ಪರೀಕ್ಷಕಿ. ಎಡದಿಂದ ಬಲಕ್ಕೆ ಓಡುವುದು, ಹೊಂಡ ಬಂದರೆ ಹಾರುವುದು, ಕಟ್ಟೆ ಸಿಕ್ಕರೆ ಹತ್ತುವುದು. ಇಂಥ ಆಟಗಳಿಗೆ ಪ್ಲಾಟ್‌ಫಾರ್ಮ್ ಗೇಮ್ ಎನ್ನುತ್ತಾರೆ. ನೀವೆಲ್ಲ ಆಡಿಯೇ ಬೆಳೆದವರು. ನಾನು ದಿನಕ್ಕೆ ಎಂಟು ಗಂಟೆ ಒಂದೇ ಗೋಡೆಗೆ ಹಾರಿ, ಅದರೊಳಗೆ ಎಲ್ಲಾದರೂ ತೂರಿಕೊಂಡು ಹೋಗಲಿಕ್ಕಾಗುತ್ತದೆಯೇ ಎಂದು ನೋಡಬೇಕಿತ್ತು. ಎರಡನೆಯ ವಾರದಲ್ಲಿ ಮೊದಲ ಎಡವಟ್ಟು ಮಾಡಿದೆ. ‘ಈ ಆಟ ಯಾಕೆ ಬೋರು’ ಎಂದು ಆರು ಪುಟದ ವರದಿ ಬರೆದು ಯಜಮಾನರ ಮೇಜಿನ ಮೇಲಿಟ್ಟೆ.

ಯಜಮಾನರು ಕಾಮತ್ ಸರ್. ಉಡುಪಿಯವರು, ಮನೆಮಾತು ಕೊಂಕಣಿ. ಮಣಿಪಾಲದ ಒಂದು ಕಟ್ಟಡದ ಎರಡನೇ ಮಾಳಿಗೆಯಲ್ಲಿ ಒಂಬತ್ತು ಜನರ ಆಫೀಸು ಕಟ್ಟಿಕೊಂಡವರು. ವರದಿಯನ್ನು ಪೂರ್ತಿ ಓದಿ, ಕನ್ನಡಕ ತೆಗೆದರು.

“ವಿದ್ಯಾ, ಚಂದ ಬರೆದಿದ್ದಿ. ಎಲ್ಲಿ ಬೋರಾಯಿತು ಅಂತ ಬರೆದೇ ಇಲ್ಲವಲ್ಲ?”

“ಯಾಕೆ ಅಂತ ಬರೆದಿದ್ದೇನಲ್ಲ ಸರ್.”

“ಯಾಕೆ ಅಂತ ನಾನು ಕೇಳಲೇ ಇಲ್ಲ ಮಾರಾಯ್ತಿ. ಯಾವ ಹೊಂಡದ ಹತ್ತಿರ ನಿನಗೆ ಆಕಳಿಕೆ ಬಂತು? ಅದು ಹೇಳು ಸಾಕು.”

ಇಡೀ ವೃತ್ತಿಯ ಪಾಠ ಆ ಒಂದು ಮಾತಿನಲ್ಲಿತ್ತು. ನನಗೆ ಅದು ಕೇಳಿಸಲಿಲ್ಲ. ಕಾರಣ ಗೊತ್ತಿಲ್ಲದ ಆಕಳಿಕೆಗೆ ಎಂತಹ ಬೆಲೆ ಎಂದುಕೊಂಡೆ. ಕಾಮತ್ ಸರ್ ಕೂಡ ತಮ್ಮ ಮಾತನ್ನು ತಾವೇ ಮರೆತರು. ನನ್ನ ವಾದದ ವರಸೆ ಅವರಿಗೆ ಹಿಡಿಸಿಬಿಟ್ಟಿತ್ತು. ಮುಂದಿನ ವರ್ಷದಿಂದ ಅವರು ಆಫೀಸಿನಲ್ಲಿ ಒಂದು ಪದ್ಧತಿ ತಂದರು. ಆಟದ ಯಾವುದೇ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಶನಿವಾರ ಊಟದ ಮೇಲೆ ಚರ್ಚೆ. ಒಬ್ಬೊಬ್ಬರಿಗೆ ಏಳು ನಿಮಿಷ. ಮೇಜಿನ ಮೇಲೆ ಹೋಟೆಲಿನವರು ಇಡುವಂಥ ಹಿತ್ತಾಳೆಯ ಗಂಟೆ. ಸರ್ ಅದನ್ನು ಬಡಿದರೆಂದರೆ ಬಾಯಿ ಮುಚ್ಚಬೇಕು. ಸರ್ ತೀರ್ಪಿನಲ್ಲಿ ಗೆದ್ದವರ ಮಾತು ಸೋಮವಾರದಿಂದ ಆಟದೊಳಗೆ ಬರುತ್ತದೆ. ಬೇರೆ ಊರಿನ ಗೇಮ್ ಆಫೀಸುಗಳವರು ಕೇಳಿ ನಗುತ್ತಿದ್ದರು. ನಮಗೆ ಹೆಮ್ಮೆ. ನನಗಂತೂ ಬಹಳ ಹೆಮ್ಮೆ. ಆ ಕೋಣೆಯಲ್ಲಿ ನಾನು ಸೋತದ್ದೇ ಇಲ್ಲ.

ಇನ್ನು ಆಟದ ವಿಷಯ. ಹೊರಗಿನವರಿಗೆ ಕೂಲಿಗೆ ಆಟ ಮಾಡಿಕೊಟ್ಟು ಸಾಕಾಗಿ, ಕಾಮತ್ ಸರ್ ಒಂದು ದಿನ ನಮ್ಮದೇ ಒಂದನ್ನು ಮಾಡೋಣ ಎಂದರು. ಅದರ ಹೆಸರು ‘ದೆಂಜಿ’. ತುಳುವಿನಲ್ಲಿ ದೆಂಜಿ ಎಂದರೆ ಏಡಿ. ಕಾಪು ದೀಪಸ್ತಂಭದ ಕೆಳಗಿನ ಬಂಡೆಯಿಂದ ಹೊರಟ ಒಂದು ಪುಟ್ಟ ಏಡಿ ಹಾರುತ್ತ ಹತ್ತುತ್ತ ನಂದಿಕೂರಿನ ವಿದ್ಯುತ್ ಸ್ಥಾವರದ ಹೊಗೆಗೊಳವೆಗಳನ್ನು ದಾಟಿ, ಕಾರ್ಕಳದ ಕರಿಬಂಡೆಯ ನೆತ್ತಿಯವರೆಗೆ ಹೋಗಬೇಕು. ಮೊದಲ ಮೂರು ಹಂತಗಳನ್ನು ಆಟಗಳಿಗೆ ಹಣ ಹಾಕಿ ಹೊರತರುವ ಹೊರದೇಶದ ಪ್ರಕಾಶಕರೊಬ್ಬರಿಗೆ ಕಳಿಸುವುದೆಂದು ಮಾತಾಗಿತ್ತು. ಅವರು ಒಪ್ಪಿದರೆ ಮುಂದೆ ನಾವು ನಮ್ಮ ಆಟಗಳನ್ನೇ ಮಾಡಿಕೊಂಡಿರಬಹುದು. ಒಪ್ಪದಿದ್ದರೆ ಮೊಬೈಲಿನಲ್ಲಿ ಜಾಹೀರಾತಿನ ನಡುವೆ ಬಂದುಹೋಗುವ ಆಟಗಳ ಆರ್ಡರು ಹಿಡಿಯಬೇಕು. ಒಂಬತ್ತು ಜನರಿಗೂ ಇದು ಗೊತ್ತಿತ್ತು.

ಏಡಿಯ ಹಾರಾಟ ಅಶ್ರಫ್‌ನದು. ಕಾಪುವಿನ ಬ್ಯಾರಿ ಹುಡುಗ, ನನ್ನ ಓರಗೆಯವನು. ಹಂತಗಳನ್ನು ಕಟ್ಟುತ್ತಿದ್ದವಳು ನಾನು: ಹೊಂಡ ಎಲ್ಲಿ, ಮುಳ್ಳು ಎಲ್ಲಿ, ಉಸಿರು ಬಿಡುವ ಜಾಗ ಎಲ್ಲಿ. ಏಡಿ ನೆಲ ಬಿಟ್ಟಾಗ ಎಷ್ಟು ಎತ್ತರ ಹೋಗಬೇಕು, ಮೇಲೆ ಎಷ್ಟು ಹೊತ್ತು ನಿಂತಂತಿರಬೇಕು, ಕೆಳಗೆ ಬರುವಾಗ ಎಷ್ಟು ಭಾರವಾಗಬೇಕು, ಇದು ಅವನ ಪಾಲು. ಒಂದು ಹಾರಿಕೆಯ ಮೇಲೆ ಅವನು ನಾಲ್ಕು ತಿಂಗಳು ಕೂತ. ಹೊಂಡವಿಲ್ಲ, ಮುಳ್ಳಿಲ್ಲ, ಬರೀ ಬೂದು ಬಣ್ಣದ ಪರದೆಯ ಮೇಲೆ ಏಡಿ ಹಾರುವುದು, ಬೀಳುವುದು.

“ಎಂತ ಅಶ್ರಫ್, ಮುಗಿಲಿಲ್ವಾ ಇನ್ನೂ?” ಎಂದು ಕೆಣಕುತ್ತಿದ್ದೆ.

“ಹೊಂಡ ಇಲ್ಲದೆಯೂ ಹಾರ್ತಾ ಇರ್ಬೇಕು ಅಂತ ಅನಿಸ್ಬೇಕು. ಆಗ ಮುಗೀತದೆ.”

ನನಗೆ ಅದು ಅರ್ಥವಾಗುತ್ತಿರಲಿಲ್ಲ. ನನ್ನ ರುಚಿ ಬೇರೆ. ಚಿಕ್ಕವಳಿರುವಾಗ ಕಾರ್ಕಳದಲ್ಲಿ ದೊಡ್ಡಮ್ಮನ ಮನೆಯ ಟಿವಿಗೆ ಹಳದಿ ಕ್ಯಾಸೆಟ್ಟಿನ ಗೇಮು ಜೋಡಿಸಿ ಆಡುತ್ತಿದ್ದೆ. ಅದರಲ್ಲೊಂದು ಗುಹೆಯ ಆಟ. ಕರುಣೆ ಎಂಬುದೇ ಇಲ್ಲದ್ದು. ಒಂದು ಕೂದಲೆಳೆ ತಪ್ಪಿದರೂ ಸತ್ತೆ. ನಮ್ಮ ಬೀದಿಯಲ್ಲಿ ಅದನ್ನು ಕೊನೆ ಮುಟ್ಟಿಸಿದವಳು ನಾನೊಬ್ಬಳೇ. ಖುಷಿ ಎಂದರೆ ಅದು, ನೂರು ಸಲ ಸತ್ತು ನೂರ ಒಂದನೆಯ ಸಲ ದಾಟುವುದು ಎಂಬುದು ನನಗೆ ಪ್ರಶ್ನಾತೀತ. ಎಲ್ಲವನ್ನೂ ಪ್ರಶ್ನಿಸುವವಳು ಅದೊಂದನ್ನು ಪ್ರಶ್ನಿಸಲಿಲ್ಲ. ಕಾಮತ್ ಸರ್ ರುಚಿ ಮತ್ತೊಂದು ತರಹದ್ದು. ದಾರಿಯಲ್ಲಿ ಹೆಕ್ಕಲಿಕ್ಕೆ ಇಟ್ಟ ಮುತ್ತುಗಳಲ್ಲಿ ಒಂದು ಉಳಿದರೂ ಅವರು ಮುಂದೆ ಹೋಗರು. ಎರಡು ಮುತ್ತಿಗಾಗಿ ಇಪ್ಪತ್ತು ನಿಮಿಷ ಹಿಂದಕ್ಕೆ ನಡೆದು, “ಈಗ ಸಮಾಧಾನ ಆಯ್ತು” ಎನ್ನುತ್ತಿದ್ದರು.

ಮತ್ತೆ ಯಲ್ಲವ್ವ. ಆಫೀಸು ಗುಡಿಸಿ ಒರೆಸಲಿಕ್ಕೆ ಬರುತ್ತಿದ್ದವಳು. ಬಾಗಲಕೋಟೆ ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ. ಒಂದು ಮಧ್ಯಾಹ್ನ ಅಶ್ರಫ್ ಅವಳ ಕೈಗೆ ಗುಂಡಿಗಳಿರುವ ಕಂಟ್ರೋಲರ್ ಕೊಟ್ಟು, “ಆಡಿ ನೋಡಿ” ಎಂದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಮೊದಲ ಹೊಂಡವನ್ನು ಮೊದಲ ಸಲಕ್ಕೇ ದಾಟಿದಳು. ಎರಡನೆಯದನ್ನೂ ದಾಟಿದಳು. ಆಮೇಲೆ ಒಂದು ಎತ್ತರದ ಬಂಡೆ ಹತ್ತಿ ಅಲ್ಲೇ ನಿಂತುಬಿಟ್ಟಳು. ಪರದೆಯ ಮೇಲೆ ಸಮುದ್ರ ತೂಗಾಡುತ್ತಿತ್ತು.

“ಮುಂದೆ ಹೋಗಬೇಕು ಯಲ್ಲವ್ವ,” ನಾನೆಂದೆ.

“ಯಾಕ್ರೀ ಅಕ್ಕಾರ? ಇಲ್ಲಿ ಛಲೋ ಕಾಣ್ತೈತಲ್ರೀ.”

“ಆಟ ಮುಗಿಸಬೇಡವಾ?”

“ಮುಗಿಸಿದ್ರ ಮುಗದ ಹೋಕ್ಕೈತಲ್ರೀ!”

ಅಶ್ರಫ್ ಕುರ್ಚಿಯಿಂದ ಬೀಳುವಂತೆ ನಕ್ಕ. ಅಲ್ಲಿಂದ ಮುಂದೆ ದಿನಾ ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಯಲ್ಲವ್ವ ಆಡುವುದು ವಾಡಿಕೆಯಾಯಿತು. ಅವಳು ಅದೇ ಬಂಡೆಗೆ ಹೋಗುವಳು, ಸಮುದ್ರ ನೋಡುವಳು, ಏಡಿಯನ್ನು ಸುಮ್ಮನೆ ಮೇಲಕ್ಕೆ ಕೆಳಕ್ಕೆ ಹಾರಿಸುವಳು, ನಗುವಳು. ಅವಳು ಆಡುವುದನ್ನು ಅಶ್ರಫ್ ಪಕ್ಕದಲ್ಲಿ ನಿಂತು ನೋಡುವನು. ಪರದೆಯನ್ನಲ್ಲ, ಅವಳ ಕೈಯನ್ನು. ನಾನು ಅದನ್ನು ಕಾಲಹರಣ ಎಂದು ಲೆಕ್ಕಹಾಕಿದ್ದೆ.

ಆ ಆರು ಫ್ರೇಮನ್ನು ಕಂಡುಹಿಡಿದವಳು ನಾನೇ. ನಮ್ಮ ಆಟ ಒಂದು ಸೆಕೆಂಡಿಗೆ ಅರುವತ್ತು ಚಿತ್ರಗಳಾಗಿ ಓಡುತ್ತಿತ್ತು. ಒಂದೊಂದು ಚಿತ್ರ ಒಂದು ಫ್ರೇಮ್. ಮೂರನೆಯ ಹಂತದ ಹೊಗೆಗೊಳವೆಗಳ ನಡುವಿನ ಅಂತರ ಸರಿಪಡಿಸಲಿಕ್ಕೆ ಆಟವನ್ನು ಒಂದೊಂದೇ ಫ್ರೇಮು ಸರಿಸಿ ನೋಡುತ್ತಿದ್ದೆ. ಏಡಿ ಅಂಚು ಬಿಟ್ಟಿದೆ, ಕಾಲ ಕೆಳಗೆ ಗಾಳಿ, ಬೀಳಲು ಶುರುವಾಗಿದೆ. ಆಗ ಗುಂಡಿ ಒತ್ತಿದರೂ ಹಾರುತ್ತಿದೆ! ಮತ್ತೆ ಮತ್ತೆ ನೋಡಿದೆ. ಅಂಚು ದಾಟಿ ಆರು ಫ್ರೇಮಿನವರೆಗೆ, ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು, ಆಟವು ಆಡುವವರನ್ನು ಸದ್ದಿಲ್ಲದೆ ಕ್ಷಮಿಸುತ್ತಿತ್ತು. ಅಶ್ರಫ್ ಯಾರಿಗೂ ಹೇಳದೆ ಅದನ್ನು ಇಟ್ಟಿದ್ದ.

“ಇದು ಮೋಸ,” ಎಂದೆ ಅವನ ಮೇಜಿನ ಹತ್ತಿರ ಹೋಗಿ.

“ಯಾರಿಗೆ ಮೋಸ?”

“ಆಡುವವನಿಗೆ. ಅವನು ಬಿದ್ದಿದ್ದಾನೆ. ಬಿದ್ದಿಲ್ಲ ಅಂತ ನೀನು ಸುಳ್ಳು ಹೇಳ್ತಿದ್ದಿ.”

“ಅಂಚಿನಲ್ಲೇ ಒತ್ತಿದೆ ಅಂತ ಅವನು ತಿಳ್ಕೊಂಡಿರ್ತಾನೆ ಮಾರಾಯ್ತಿ. ಕಣ್ಣು ಕಂಡದ್ದು ಬೆರಳಿಗೆ ಮುಟ್ಲಿಕ್ಕೆ ಸ್ವಲ್ಪ ಹೊತ್ತು ಬೇಡ್ವಾ? ಅಷ್ಟು ಹೊತ್ತು ನಾನು ಕಾಯ್ತೇನೆ. ಅದರಲ್ಲಿ ಸುಳ್ಳು ಎಂತದ್ದು?”

ಈಗ ನೋಡಿದರೆ ಅದಕ್ಕಿಂತ ಒಳ್ಳೆಯ ವಾದ ಆ ಆಫೀಸಿನಲ್ಲಿ ಯಾರೂ ಮಾಡಿರಲಿಲ್ಲ. ಆದರೆ ಅದನ್ನು ಅವನು ಹೇಳಿದ್ದು ಗುರುವಾರ, ಮೇಜಿನ ಬಳಿ. ಚರ್ಚೆ ಶನಿವಾರ.

ಶನಿವಾರ ನಾನು ಏಳು ನಿಮಿಷವನ್ನೂ ತುಂಬಿದೆ. ಸುಳ್ಳು ಗೆಲುವು ಕೊಡುವ ಆಟವು ಆಡುವವರನ್ನು ಮಕ್ಕಳೆಂದು ತಿಳಿಯುತ್ತದೆ ಎಂದೆ. ಇಂದು ಆರು ಫ್ರೇಮು ಕೊಟ್ಟರೆ ನಾಳೆ ಹನ್ನೆರಡು ಯಾಕೆ ಕೊಡಬಾರದು, ಗೆರೆ ಎಲ್ಲಿ ಎಂದೆ. ಕಣ್ಣಿಗೆ ಕಾಣುವ ಅಂಚೇ ನಿಜವಾದ ಅಂಚಲ್ಲವಾದರೆ ನಾನು ಕಟ್ಟಿದ ಹೊಂಡಗಳಿಗೆ ಏನರ್ಥ ಎಂದು ಕೇಳಿದೆ. ಎಲ್ಲಿ ದನಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ನನಗೆ ಗೊತ್ತಿತ್ತು.

ಅಶ್ರಫ್ ಎದ್ದು ನಿಂತ. ಅವನ ಮನೆಮಾತು ಬ್ಯಾರಿ, ಪೇಟೆಯಲ್ಲಿ ತುಳು. ಕನ್ನಡ ಅವನಿಗೆ ಶಾಲೆಯ ಭಾಷೆ. ಚರ್ಚೆ ಮಾತ್ರ ಕನ್ನಡದಲ್ಲೇ ನಡೆಯಬೇಕೆಂದು ಎರಡು ವರ್ಷದ ಹಿಂದೆ ನಿಯಮ ಮಾಡಿಸಿದ್ದವಳು ನಾನು. ಎರಡು ವಾಕ್ಯ ಹೇಳಿ ತಡವರಿಸಿದ. ಆಮೇಲೆ, “ಮಾತಲ್ಲಿ ಬರುವುದಿಲ್ಲ ಸರ್. ಯಲ್ಲವ್ವನನ್ನು ಕರೆಯುವ. ಅವರು ಆಡುವುದನ್ನು ಎಲ್ಲರೂ ಒಮ್ಮೆ ನೋಡಿ,” ಎಂದ.

“ಆಕ್ಷೇಪ,” ಎಂದೆ ನಾನು. “ಒಬ್ಬರ ಕೈ ಪುರಾವೆ ಆಗುವುದಿಲ್ಲ.”

“ಮತ್ತೆ ನಿನ್ನ ಬಾಯಿ ಆಗ್ತದಾ?” ಎಂದ ಅಶ್ರಫ್. ಎಲ್ಲರೂ ನಕ್ಕರು. ಆದರೆ ಕಾಮತ್ ಸರ್ ನಿಯಮದ ಮನುಷ್ಯ. ಆಕ್ಷೇಪವನ್ನು ಎತ್ತಿಹಿಡಿದರು. ಏಳು ನಿಮಿಷದಲ್ಲಿ ನಾಲ್ಕು ಬಾಕಿ ಇರುವಾಗಲೇ ಅಶ್ರಫ್ ಕೂತ. ಗಂಟೆ ಬಡಿಯುವ ಅಗತ್ಯವೇ ಬೀಳಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ತನ್ನ ಕೈಯಿಂದಲೇ ಆ ಆರನ್ನು ತೆಗೆದು ಸೊನ್ನೆ ಮಾಡಿದ. ಒಂದು ಅಂಕಿ, ಅಷ್ಟೇ.

ಆ ಸಂಜೆ ಯಲ್ಲವ್ವ ಎಂದಿನಂತೆ ಕೂತಳು. ಮೊದಲ ಹೊಂಡದಲ್ಲಿ ಬಿದ್ದಳು. ಮತ್ತೆ ಬಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಬಾರದು, ಪರೀಕ್ಷೆ ಕೆಡುತ್ತದೆ ಎಂದು ನಾನೇ ತಡೆದಿದ್ದೆ. ಐದಾರು ಸಲವಾದ ಮೇಲೆ ಕಂಟ್ರೋಲರ್ ಕೆಳಗಿಟ್ಟು ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.

“ನನ್ನ ಕೈಯಾಗ ಏನೋ ಆಗೇತಿ ಬಿಡ್ರೀ. ಫಿನಾಯಿಲ್ ಹಿಡದು ಹಿಡದು ಜಡ್ಡುಗಟ್ಟೇತಿ.”

“ಕೈಗೆ ಏನೂ ಆಗಿಲ್ಲ ಯಲ್ಲವ್ವ,” ಎಂದ ಅಶ್ರಫ್.

“ಇಲ್ರೀ ತಮ್ಮಾರ, ನಿನ್ನೆ ಮೊನ್ನೆ ಬರತಿತ್ತಲ್ರೀ. ಆಟ ಅದ ಐತಿ. ನಂದ ತಪ್ಪು.”

ಅವಳು ಮತ್ತೆ ಆಡಲು ಕೂರಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನ ಬರೆದದ್ದು ಇನ್ನೂ ಉಂಟು: ‘ಹೊಸಬರಿಗೆ ಅಭ್ಯಾಸ ಬೇಕು.’ ಹೊಸ ಹುಡುಗ ಹುಡುಗಿಯರೇ, ಈ ಕೆಲಸದಲ್ಲಿ ನೀವು ಮಾಡಬಹುದಾದ ಅತ್ಯಂತ ಕೆಟ್ಟ ತಪ್ಪು ಆ ವಾಕ್ಯದಲ್ಲಿದೆ. ಆಟ ಬದಲಾಗಿತ್ತು, ಆಡುವವಳು ತನ್ನ ಕೈಯನ್ನು ಬೈದುಕೊಂಡಳು, ನಾನು ಅದನ್ನು ಕಣ್ಣಾರೆ ನೋಡಿ ಅವಳ ಪರವಾಗಿ ಅವಳ ತಪ್ಪನ್ನು ಬರೆದುಕೊಂಡೆ.

ಮೂರು ಹಂತಗಳು ಹೊರದೇಶಕ್ಕೆ ಹೋದವು. ಉತ್ತರ ತಡವಾಗಿ ಬಂತು, ಚಿಕ್ಕದಾಗಿ ಬಂತು. ಚಿತ್ರ ಚಂದ, ಸಮುದ್ರ ಚಂದ, ಆದರೆ ಏಡಿ ಮಾತು ಕೇಳುವುದಿಲ್ಲ, ಕೈಗೆ ಹತ್ತುವುದಿಲ್ಲ ಎಂಬುದು ಸಾರಾಂಶ. ಬೇಕಿದ್ದರೆ ತಿದ್ದಿ ಎರಡು ವಾರದೊಳಗೆ ಮತ್ತೆ ಕಳಿಸಬಹುದು ಎಂದಿತ್ತು.

ಆ ಶನಿವಾರ ಮತ್ತೊಂದು ಚರ್ಚೆ. ಅಶ್ರಫ್ ಒಂದೇ ಮಾತು ಹೇಳಿದ: “ಆರನ್ನು ವಾಪಸು ಹಾಕುವ.” ನಾನು? ಅಲ್ಲಿ ಆಡಿ ನೋಡಿದವರು ಸೋಮಾರಿಗಳು ಎಂದೆ. ಮೊದಲ ಹೊಂಡದಲ್ಲಿ ಬಿದ್ದು ಕೈಚೆಲ್ಲುವವರು ನಮ್ಮ ಆಟಕ್ಕೆ ತೀರ್ಪುಗಾರರಲ್ಲ ಎಂದೆ. ತಿದ್ದಬೇಕಾದ್ದು ಹಾರಿಕೆಯಲ್ಲ, ಹಂತದ ಆರಂಭದಲ್ಲಿ ಎರಡು ಸಾಲಿನ ಸೂಚನೆ ಹಾಕಿದರೆ ಸಾಕು ಎಂದೆ. ಅಷ್ಟು ಹೊತ್ತಿಗೆ ನನ್ನೊಳಗೂ ಅನುಮಾನ ಹುಟ್ಟಿತ್ತು ಎಂಬುದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಆದರೆ ಚರ್ಚಾಪಟುವಿಗೆ ಅನುಮಾನ ಎಂಬುದು ಎದುರಾಳಿಗೆ ಕಾಣದಂತೆ ಅಡಗಿಸಿಡಬೇಕಾದ ವಸ್ತು. ಅಡಗಿಸಿಟ್ಟೆ. ಗೆದ್ದೆ. ಸೂಚನೆ ಹಾಕಿ ಕಳಿಸಿದೆವು. ಈ ಸಲ ಉತ್ತರವೇ ಬರಲಿಲ್ಲ.

ಕಾಮತ್ ಸರ್ ಗಂಟೆಯನ್ನು ಡ್ರಾಯರಿನೊಳಗೆ ಹಾಕಿದರು. ನನ್ನನ್ನು ಬೈಯಲಿಲ್ಲ. “ನಾನು ಆ ದಿನ ಯಲ್ಲವ್ವನನ್ನು ಕರೆಸಬೇಕಿತ್ತು,” ಎಂದರು ಒಂದು ಸಲ, ಕಿಟಕಿಯ ಕಡೆ ನೋಡಿಕೊಂಡು.

ಅಶ್ರಫ್ ಗಲ್ಫಿಗೆ ಹೊರಟ; ಭಾವನ ಮೊಬೈಲ್ ಅಂಗಡಿಗೆ. ಹೊರಡುವ ಮೊದಲು ಕಾಪುವಿನ ಬಸ್‌ಸ್ಟ್ಯಾಂಡಿನ ಹತ್ತಿರ ಚಾ ಕುಡಿಯಲು ಸಿಕ್ಕಿದ.

“ಬೇರೆ ಕಂಪೆನಿ ನೋಡಬಹುದಿತ್ತಲ್ಲ? ನಿನ್ನಂತೆ ಹಾರಿಕೆ ಮಾಡುವವರು ಎಷ್ಟು ಜನ ಇದ್ದಾರೆ?”

“ಸಾಕು ಮಾರಾಯ್ತಿ. ಅಲ್ಲಿಯೂ ಒಬ್ಬಳು ವಿದ್ಯಾ ಇರ್ತಾಳೆ.” ನಗುತ್ತಲೇ ಹೇಳಿದ. ಆಮೇಲೆ ನಗು ನಿಲ್ಲಿಸಿ, “ನನಗೆ ಬೇಜಾರು ನಿನ್ನ ಮೇಲೆ ಅಲ್ಲ. ಆ ದಿನ ನಾನು ಕೂತುಬಿಟ್ಟೆ ಅಲ್ವಾ, ಅದರ ಮೇಲೆ. ನಾಲ್ಕು ನಿಮಿಷ ಬಾಕಿ ಇತ್ತು,” ಎಂದ.

ಅನಂತರದ ಐದು ವರ್ಷ ಅದೇ ಆಫೀಸಿನಲ್ಲಿ ನಾನು ಜಾಹೀರಾತಿನ ನಡುವಿನ ಆಟಗಳನ್ನು ಮಾಡಿದೆ. ವಾದದ ಜಾಗಕ್ಕೆ ಗ್ರಾಫು ಬಂತು. ಎಷ್ಟನೇ ಸೆಕೆಂಡಿನಲ್ಲಿ ಜನ ಬಿಟ್ಟುಹೋಗುತ್ತಾರೆಂದು ಗೆರೆ ತೋರಿಸುತ್ತದೆ. ಆ ಸೆಕೆಂಡಿಗೆ ಸರಿಯಾಗಿ ಒಂದು ಬಹುಮಾನ ಬೀಳಿಸುವುದು ನಮ್ಮ ಕೆಲಸ. ಗ್ರಾಫಾದರೂ ನೋಡುತ್ತದಲ್ಲ ಎಂದು ಮೊದಮೊದಲು ಸಮಾಧಾನಪಟ್ಟೆ. ಅದೂ ಕೈಯನ್ನು ನೋಡುವುದಿಲ್ಲ. ಬಂಡೆಯ ಮೇಲೆ ಸುಮ್ಮನೆ ನಿಂತು ಸಮುದ್ರ ನೋಡುವ ಹೆಂಗಸು ಗ್ರಾಫಿಗೆ ಆಟ ಬಿಟ್ಟುಹೋದವಳು. ಅಂಥವರನ್ನು ಮುಂದಕ್ಕೆ ತಳ್ಳಲಿಕ್ಕೆ ಬಾಣದ ಗುರುತು ಮಿನುಗಿಸುವ ಕೆಲಸವನ್ನು ನಾನೇ ಮಾಡಿದ್ದೇನೆ. ನೀವೂ ಮಾಡುತ್ತೀರಿ. ಯಾರಿಗೆ ಯಾವುದು ಖುಷಿ ಎಂಬುದನ್ನು ಒಬ್ಬರು ಮಾತಿನಿಂದ ತೀರ್ಮಾನಿಸುತ್ತಿದ್ದ ಕಾಲ ಹೋಗಿ, ಯಾರೂ ಕೇಳದೇ ತೀರ್ಮಾನವಾಗುವ ಕಾಲ ಬಂದಿದೆ. ಎರಡರಲ್ಲಿ ಯಾವುದು ಮೇಲು ಎಂದು ಚರ್ಚೆ ಮಾಡಲು ನನ್ನನ್ನು ಕರೆಯಬೇಡಿ.

ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಕೂತಾಗ, ಆ ಹಳದಿ ಕ್ಯಾಸೆಟ್ಟಿನ ಗುಹೆಯ ಆಟವನ್ನು ಯಾರೋ ಆಡಿ ಹಾಕಿದ ವಿಡಿಯೋ ಸಿಕ್ಕಿತು. ಹಳೆಯ ಹೆಮ್ಮೆಯಿಂದ ನೋಡಿದೆ. ಕೊನೆಯ ಗುಹೆ ಬಂದಾಗ ವೃತ್ತಿಯ ಚಟ ಬಿಡದೆ ಒಂದೊಂದೇ ಫ್ರೇಮು ಸರಿಸಿದೆ. ಅಂಚು ಬಿಟ್ಟು ಕಾಲು ಗಾಳಿಯಲ್ಲಿದೆ, ಆಮೇಲೆ ಹಾರಿದೆ. ಬೇರೆ ಜಾಗದಲ್ಲೂ ನೋಡಿದೆ. ಅಲ್ಲಿಯೂ ಹಾಗೆಯೇ. ಕರುಣೆ ಇಲ್ಲದ್ದು ಎಂದು ನಾನು ಪೂಜಿಸಿದ ಆಟ ನನ್ನನ್ನು ಉದ್ದಕ್ಕೂ ಕ್ಷಮಿಸಿಕೊಂಡೇ ಬಂದಿತ್ತು. ಬೀದಿಯಲ್ಲಿ ನಾನೊಬ್ಬಳೇ ಮುಗಿಸಿದ್ದು ಯಾರೋ ಒಬ್ಬ ಅಶ್ರಫ್ ದಯೆಯಿಂದ.

ಅವನಿಗೆ ಫೋನು ಮಾಡಿದೆ. ಅಂಗಡಿಯ ಗದ್ದಲ ಹಿಂದೆ.

“ದೆಂಜಿಯ ಮೂಲ ಫೈಲುಗಳು ನಿನ್ನ ಹತ್ತಿರ ಉಂಟಾ?”

“ಇಲ್ಲ ಮಾರಾಯ್ತಿ. ಎಲ್ಲ ಆಫೀಸಿನ ಕಂಪ್ಯೂಟರಲ್ಲೇ ಇದ್ದದ್ದು. ಅದನ್ನೆಲ್ಲ ಅಳಿಸಿ ಗುಜರಿಗೆ ಕೊಟ್ಟುಬಿಟ್ರಲ್ಲ. ಯಾಕೆ?”

“ಆರು ಫ್ರೇಮು ವಾಪಸು ಹಾಕುವ ಅಂತ.”

“ಆರಾ ಅದು? ಏಳು ಅಲ್ವಾ? ನನಗೆ ಮರೆತುಹೋಗಿದೆ,” ಎಂದ. ಗಿರಾಕಿ ಕರೆದರೆಂದು ಫೋನಿಟ್ಟ.

ಉಳಿದಿರುವುದು ಒಂದೇ ಪ್ರತಿ. ನನ್ನ ಹಳೆಯ ಫೋನಿನಲ್ಲಿ, ಪ್ರಕಾಶಕರಿಗೆ ಎರಡನೆಯ ಸಲ ಕಳಿಸಿದ್ದು. ನಾನು ಗೆದ್ದ ಪ್ರತಿ. ಅದರೊಳಗಿನ ಆ ಸೊನ್ನೆಯನ್ನು ಈಗ ಯಾರೂ ತಿದ್ದಲಾರರು. ತೆರೆದರೆ ಮೊದಲು ನನ್ನ ಎರಡು ಸಾಲಿನ ಸೂಚನೆ ಬರುತ್ತದೆ, ಆಮೇಲೆ ಕಾಪುವಿನ ಬಂಡೆ, ಏಡಿ, ಸಮುದ್ರ. ಡಾಕ್ಟರು ಬೇಡವೆಂದರೂ ದಿನಕ್ಕೊಮ್ಮೆ ಆಡುತ್ತೇನೆ. ಊದಿದ ಹೆಬ್ಬೆರಳು ಒತ್ತುವ ಹೊತ್ತಿಗೆ ಅಂಚು ದಾಟಿರುತ್ತದೆ. ಎಷ್ಟು ತಡ ಎಂಬುದೂ ನನಗೆ ಅಂದಾಜಿದೆ, ನಾಲ್ಕೈದು ಫ್ರೇಮು. ಏಡಿ ಬೀಳುತ್ತದೆ.

ಯಲ್ಲವ್ವ ಮೊದಲ ಸಲಕ್ಕೇ ದಾಟಿದ ಹೊಂಡ ಅದು. ನನಗೆ ಇನ್ನೂ ದಾಟಲಾಗಿಲ್ಲ.